ರೆವಾಕ್ಸ್ ಎ77: ಮನೆಯ ಹಳೆಯ ಸ್ಪೂಲುಗಳನ್ನು ಮತ್ತೆ ಕೇಳಿಸಬಲ್ಲ ಯಂತ್ರ

ರಾಮೋತ್ಸವದ ಕಚೇರಿ, ಗಣೇಶೋತ್ಸವದ ಹರಿಕಥೆ, ತಾಳಮದ್ದಳೆ, ಮನೆಯ ಹಿರಿಯರ ಹಾಡು ಮತ್ತು ಮಾತು ಇವೆಲ್ಲವನ್ನು ಸ್ಪೂಲ್ ಟೇಪಿನಲ್ಲಿ ಹಿಡಿದಿಟ್ಟ ಕುಟುಂಬಗಳು ನಮ್ಮಲ್ಲಿ ಕಡಿಮೆಯೇನಿಲ್ಲ. ವಿದೇಶದಿಂದ ಬಂದ ನೆಂಟರು ತಂದುಕೊಟ್ಟ ಗ್ರುಂಡಿಗ್ ಅಥವಾ ಫಿಲಿಪ್ಸ್ ಯಂತ್ರ ಕೆಟ್ಟು ಮೂಲೆ ಸೇರಿದೆ, ಸ್ಪೂಲುಗಳು ಮಾತ್ರ ಅಟ್ಟದ ಮೇಲೆ ಉಳಿದಿವೆ. ಅವುಗಳನ್ನು ಕೇಳಲು ಈಗ ಯಾವ ಯಂತ್ರ ಕೊಳ್ಳಬೇಕು ಎಂಬ ಪ್ರಶ್ನೆಗೆ ನನ್ನ ಉತ್ತರ ರೆವಾಕ್ಸ್ ಎ77, ಅದರಲ್ಲೂ ನಾಲ್ಕು ಟ್ರ್ಯಾಕಿನ (ಟ್ರ್ಯಾಕೆಂದರೆ ಟೇಪಿನ ಉದ್ದಕ್ಕೂ ಸಾಗುವ ಮುದ್ರಣದ ಪಟ್ಟಿ) ಮಾದರಿ. ನನ್ನ ಸೋದರಮಾವನ ಸಂಗ್ರಹದ ಸ್ಪೂಲುಗಳನ್ನು ಕಂಪ್ಯೂಟರಿಗೆ ಇಳಿಸಲು ಇದೇ ಯಂತ್ರವನ್ನು ಬಳಸುತ್ತಿದ್ದೇನೆ.

ಸ್ವಿಟ್ಜರ್ಲೆಂಡಿನ ವಿಲ್ಲಿ ಸ್ಟುಡರ್ ಅವರ ಕಂಪನಿ ಪ್ರಸಾರ ಕೇಂದ್ರಗಳಿಗೆ ಸ್ಟುಡರ್ ಹೆಸರಿನಲ್ಲಿಯೂ ಮನೆಗಳಿಗೆ ರೆವಾಕ್ಸ್ ಹೆಸರಿನಲ್ಲಿಯೂ ಯಂತ್ರಗಳನ್ನು ತಯಾರಿಸುತ್ತಿತ್ತು. ಎ77 ಮಾರುಕಟ್ಟೆಗೆ ಬಂದದ್ದು 1967ರಲ್ಲಿ. ಇದರಲ್ಲಿ ಮೂರು ಮೋಟಾರುಗಳಿವೆ: ಎರಡು ಸ್ಪೂಲುಗಳಿಗೆ ಒಂದೊಂದು, ಟೇಪನ್ನು ಒಂದೇ ವೇಗದಲ್ಲಿ ಎಳೆಯುವ ಕ್ಯಾಪ್‌ಸ್ಟನ್‌ಗೆ ಇನ್ನೊಂದು. ಮೋಟಾರಿನ ಅಚ್ಚೇ ಕ್ಯಾಪ್‌ಸ್ಟನ್ ಆಗಿರುವುದರಿಂದ ಟೇಪನ್ನು ಓಡಿಸಲು ರಬ್ಬರ್ ಬೆಲ್ಟಿನ ಹಂಗಿಲ್ಲ, ಮತ್ತು ನಮ್ಮ ಹವೆಯಲ್ಲಿ ಇದು ಬಹಳ ದೊಡ್ಡ ಅನುಕೂಲ. ಆ ಕಾಲದ ಅಗ್ಗದ ಯಂತ್ರಗಳನ್ನು ಬಿಚ್ಚಿ ನೋಡಿದವರಿಗೆ ಬೆಲ್ಟುಗಳು ಡಾಂಬರಿನಂತೆ ಕರಗಿ ಚಕ್ರಗಳಿಗೆ ಮೆತ್ತಿಕೊಂಡಿರುವ ದೃಶ್ಯ ಹೊಸದಲ್ಲ. ಇನ್ನೊಂದು ಗುಣವೆಂದರೆ ಕ್ಯಾಪ್‌ಸ್ಟನ್ ಮೋಟಾರಿನ ವೇಗವನ್ನು ಎಲೆಕ್ಟ್ರಾನಿಕ್ ಸರ್ಕಿಟ್ ನಿಯಂತ್ರಿಸುವುದರಿಂದ ಅದು ವಿದ್ಯುತ್ತಿನ ಆವರ್ತನವನ್ನು ಅವಲಂಬಿಸಿಲ್ಲ. ಅಮೆರಿಕದಿಂದ ತರಿಸಿದ ಯಂತ್ರವೂ ಇಲ್ಲಿನ 50 ಹರ್ಟ್ಸ್ ವಿದ್ಯುತ್ತಿನಲ್ಲಿ ಸರಿಯಾದ ಶ್ರುತಿಯಲ್ಲೇ ನುಡಿಯುತ್ತದೆ. ಪ್ಲಗ್ ಹಾಕುವ ಮುನ್ನ ವೋಲ್ಟೇಜ್ ಆಯ್ಕೆಯನ್ನು 240ಕ್ಕೆ ತಿರುಗಿಸಿದರೆ ಸಾಕು.

ನಾಲ್ಕು ಟ್ರ್ಯಾಕಿನ ಮಾದರಿಯನ್ನೇ ಒತ್ತಿ ಹೇಳುವುದಕ್ಕೆ ಕಾರಣವಿದೆ. ಮಾರಾಟಗಾರರು ಎರಡು ಟ್ರ್ಯಾಕಿನ ಯಂತ್ರವೇ ಶ್ರೇಷ್ಠ ಎನ್ನುತ್ತಾರೆ, ಮತ್ತು ಹೊಸದಾಗಿ ಧ್ವನಿಮುದ್ರಣ ಮಾಡುವವರಿಗೆ ಆ ಮಾತು ನಿಜ. ಆದರೆ ಕಾಲು ಇಂಚು ಅಗಲದ ಟೇಪು ದುಬಾರಿಯಾಗಿದ್ದ ಕಾಲದಲ್ಲಿ ನಮ್ಮ ಮನೆಗಳಲ್ಲಿ ಅನೇಕರು ಅದೇ ಟೇಪನ್ನು ನಾಲ್ಕು ಪಟ್ಟಿಗಳಾಗಿ ಬಳಸಿಕೊಂಡು ಮೋನೋದಲ್ಲಿ, ಅಂದರೆ ಎಡಬಲವಿಲ್ಲದ ಒಂದೇ ಧ್ವನಿಯಾಗಿ, ಒಂದೊಂದು ಪಟ್ಟಿಗೂ ಬೇರೆ ಬೇರೆ ಕಾರ್ಯಕ್ರಮ ತುಂಬಿದರು. 1,800 ಅಡಿಯ 7 ಇಂಚಿನ ಸ್ಪೂಲು ಸೆಕೆಂಡಿಗೆ 3¾ ಇಂಚಿನ ವೇಗದಲ್ಲಿ 96 ನಿಮಿಷ ಓಡುತ್ತದೆ. ನಾಲ್ಕೂ ಪಟ್ಟಿ ಸೇರಿದರೆ ಆರು ಗಂಟೆಗೂ ಹೆಚ್ಚು. ಸ್ಪೂಲನ್ನು ಮಗುಚಿ ಹಾಕಿ ಮುದ್ರಿಸುವುದರಿಂದ ಪಕ್ಕಪಕ್ಕದ ಪಟ್ಟಿಗಳು ವಿರುದ್ಧ ದಿಕ್ಕಿನಲ್ಲಿರುತ್ತವೆ. ಅಂಥ ಸ್ಪೂಲನ್ನು ಎರಡು ಟ್ರ್ಯಾಕಿನ ಹೆಡ್ಡಿಗೆ (ಟೇಪಿನಿಂದ ಧ್ವನಿಯನ್ನು ಓದುವ ಭಾಗಕ್ಕೆ) ಕೊಟ್ಟರೆ ಪಕ್ಕಪಕ್ಕದ ಎರಡು ಪಟ್ಟಿಗಳು ಒಟ್ಟಿಗೇ ಕೇಳಿ, ಒಂದರಲ್ಲಿ ಆಲಾಪ ನೇರವಾಗಿಯೂ ಇನ್ನೊಂದರಲ್ಲಿ ಹಿಂದುಮುಂದಾಗಿಯೂ ಸಾಗುತ್ತದೆ. ನಾಲ್ಕು ಟ್ರ್ಯಾಕಿನ ಹೆಡ್ಡಾದರೋ ಎಡ ಚಾನೆಲ್ಲಿನಲ್ಲಿ ಮೊದಲನೆಯ, ಬಲ ಚಾನೆಲ್ಲಿನಲ್ಲಿ ಮೂರನೆಯ ಪಟ್ಟಿಯನ್ನು ಬೇರೆಬೇರೆಯಾಗಿ ಓದುತ್ತದೆ. ಟೇಪಿನ ಅರ್ಧರ್ಧ ಅಗಲ ಬಳಸುವ ಹಳೆಯ ಮೋನೋ ಮುದ್ರಣವಿದ್ದರೂ ತೊಂದರೆಯಿಲ್ಲ: ಎಡದಲ್ಲಿ ಮೊದಲ ಬದಿ ಬರುತ್ತದೆ, ಬಲದಲ್ಲಿ ಎರಡನೆಯ ಬದಿ ತಿರುಗುಮುರುಗಾಗಿ ಬರುತ್ತದೆ, ಅದನ್ನು ಕಂಪ್ಯೂಟರಿನಲ್ಲಿ ತಿರುಗಿಸಿಕೊಂಡರೆ ಟೇಪನ್ನು ಒಂದೇ ಸಲ ಓಡಿಸಿ ಎರಡೂ ಬದಿಗಳನ್ನು ಪಡೆದಂತಾಯಿತು. ಶಿಥಿಲವಾದ ಟೇಪಿಗೆ ಇದಕ್ಕಿಂತ ದೊಡ್ಡ ಉಪಕಾರವಿಲ್ಲ.

ಸಾಮಾನ್ಯ ಎ77 ಯಂತ್ರದಲ್ಲಿರುವ ವೇಗಗಳು ಎರಡೇ, 7½ ಮತ್ತು 3¾ ಇಂಚು. ಟೇಪು ಉಳಿಸಲೆಂದು 1⅞ ಇಂಚಿನಲ್ಲಿ ಮುದ್ರಿಸಿದ ಹರಿಕಥೆ, ಭಾಷಣಗಳನ್ನು ಇದರಲ್ಲಿ ನೇರವಾಗಿ ಕೇಳಲಾಗದು. ಅವುಗಳನ್ನು 3¾ರಲ್ಲಿ ಓಡಿಸಿ, 96 ಕಿಲೋಹರ್ಟ್ಸ್, 24 ಬಿಟ್‌ನಲ್ಲಿ ಇಳಿಸಿಕೊಂಡು ತಂತ್ರಾಂಶದಲ್ಲಿ ವೇಗವನ್ನು ಅರ್ಧಕ್ಕೆ ತಗ್ಗಿಸಬಹುದು. ಎರಡು ವೇಗಗಳ ಈಕ್ವಲೈಸೇಷನ್ (ತಾರ, ಮಂದ್ರ ಸ್ವರಗಳ ಪ್ರಮಾಣ ಹೊಂದಿಸುವ ಕ್ರಮ) ಬೇರೆಯಾದ್ದರಿಂದ ತಾರಸ್ವರಗಳನ್ನು ಆಮೇಲೆ ಕಿವಿಯಿಂದಲೇ ಹೊಂದಿಸಬೇಕಾಗುತ್ತದೆ. ಮಾತಿಗೆ ಈ ಉಪಾಯ ಸಾಕು. ಸಂಗೀತಕ್ಕೆ ಅಷ್ಟು ತೃಪ್ತಿಕರವಲ್ಲ.

ಪ್ರತಿ ಸ್ಪೂಲು ಹಾಕಿದಾಗಲೂ ಹೆಡ್ಡಿನ ಅಝಿಮತ್, ಅಂದರೆ ಟೇಪಿಗೆ ಅದು ನಿಂತಿರುವ ಕೋನ, ಹೊಂದಿಸುವುದನ್ನು ಮರೆಯಬಾರದು. ಮುದ್ರಿಸಿದ ಯಂತ್ರದ ಹೆಡ್ಡು ಕೂದಲೆಳೆಯಷ್ಟು ವಾಲಿದ್ದರೂ ನಮ್ಮ ಯಂತ್ರದಲ್ಲಿ ಧ್ವನಿ ಮಂಕಾಗುತ್ತದೆ. ಮುಚ್ಚಳ ತೆಗೆದು ಹೆಡ್ಡಿನ ಬದಿಯ ತಿರುಪನ್ನು ಸ್ವಲ್ಪಸ್ವಲ್ಪವೇ ತಿರುಗಿಸುತ್ತಾ ತಂಬೂರಿಯ ಝೇಂಕಾರವನ್ನು ಗಮನಿಸುತ್ತಿದ್ದರೆ, ಒಂದು ಹಂತದಲ್ಲಿ ಮುಸುಕು ಸರಿದು ತಂತಿಯ ಮೀಟು, ಗಾಯಕರ ಉಸಿರು, ತಬಲಾದ ಚಾಟಿಯ ಅಂಚು ಎಲ್ಲವೂ ಒಮ್ಮೆಗೇ ಸ್ಪಷ್ಟವಾಗುತ್ತವೆ. ಹಳೆಯ ಟೇಪಿನ ಧ್ವನಿಯೇ ಹೀಗೆ ಎಂದುಕೊಂಡು ಮಂಕಾದ ಧ್ವನಿಯನ್ನೇ ಇಳಿಸಿಕೊಟ್ಟಿರುವ ಎಷ್ಟೋ ಪ್ರತಿಗಳನ್ನು ಕೇಳಿದಾಗ ನನಗೆ ನಿಜಕ್ಕೂ ದುಃಖವಾಗುತ್ತದೆ. ಆ ಧ್ವನಿ ಟೇಪಿನಲ್ಲಿತ್ತು, ಒಂದು ತಿರುಪಿನ ಅಂತರದಲ್ಲಿತ್ತು.

ಯಂತ್ರದ ಕೊರತೆಗಳನ್ನೂ ಹೇಳಬೇಕು. ಸ್ಪೂಲು ತಿರುಗುತ್ತಿದೆಯೋ ನಿಂತಿದೆಯೋ ಎಂದು ತಿಳಿಯುವ ವ್ಯವಸ್ಥೆ ಎ77ರಲ್ಲಿಲ್ಲ. ಅದು ಬಂದದ್ದು ಮುಂದಿನ ಬಿ77 ಮಾದರಿಯಲ್ಲಿ. ಆದ್ದರಿಂದ ವೇಗವಾಗಿ ಸುತ್ತುತ್ತಿರುವಾಗ ನೇರವಾಗಿ ಪ್ಲೇ ಗುಂಡಿ ಒತ್ತಿದರೆ ಟೇಪು ಹಿಗ್ಗುವ ಅಥವಾ ತುಂಡಾಗುವ ಅಪಾಯವಿದೆ. ಸ್ಟಾಪ್ ಒತ್ತಿ, ಎರಡೂ ಸ್ಪೂಲುಗಳು ಪೂರ್ತಿ ನಿಂತ ಮೇಲೆಯೇ ಮುಂದಿನ ಗುಂಡಿ. ಇಷ್ಟು ವಯಸ್ಸಾದ ಯಂತ್ರದ ಕೆಪಾಸಿಟರುಗಳು ಒಣಗಿ ಬಿರುಕು ಬಿಟ್ಟಿರುವುದು ಸಾಮಾನ್ಯವಾದ್ದರಿಂದ, ಅವುಗಳನ್ನು ಬದಲಾಯಿಸದೆ ಗಂಟೆಗಟ್ಟಲೆ ಓಡಿಸಬಾರದು. ಸಮಾಧಾನದ ಸಂಗತಿಯೆಂದರೆ ಸರ್ಕಿಟ್ ಬೋರ್ಡುಗಳು ಕಳಚಿ ಹಾಕುವಂಥವು, ಹೆಚ್ಚಿನ ಬಿಡಿಭಾಗಗಳು ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ದೊರೆಯುವ ಮಟ್ಟದವು. ಸವೆದ ಹೆಡ್ಡಿಗೆ ಮಾತ್ರ ಅಷ್ಟು ಸುಲಭದ ಪರಿಹಾರವಿಲ್ಲ. ಕೊಳ್ಳುವಾಗ ಹೆಡ್ಡಿನ ಮೇಲ್ಮೈ ಮೇಲೆ ಉಗುರು ಸವರಿ ಟೇಪಿನ ಅಗಲಕ್ಕೆ ಗುಳಿ ಬಿದ್ದಿದೆಯೇ ಎಂದು ನೋಡಿಯೇ ಬೆಲೆ ಮಾತಾಡಬೇಕು.

ಯಂತ್ರ ಎಷ್ಟೇ ಚೆನ್ನಾಗಿದ್ದರೂ ಟೇಪನ್ನು ಪರೀಕ್ಷಿಸದೆ ಹಾಕಬಾರದು. ಸ್ಪೂಲನ್ನು ಬೆಳಕಿಗೆ ಹಿಡಿದಾಗ ಟೇಪಿನ ಸುತ್ತುಗಳ ಮೂಲಕ ಬೆಳಕು ಹಾದುಬಂದರೆ ಟೇಪಿನ ಪ್ಲಾಸ್ಟಿಕ್ಕು ಅಸಿಟೇಟ್, ಹಾಯದಿದ್ದರೆ ಬಹುತೇಕ ಪಾಲಿಯೆಸ್ಟರ್. ಅಸಿಟೇಟ್ ಟೇಪಿನಿಂದ ವಿನೆಗರಿನ ವಾಸನೆ ಬರುತ್ತಿದ್ದರೆ ಅದು ಕೆಡತೊಡಗಿದೆ ಎಂದರ್ಥ, ಮತ್ತು ಅದನ್ನು ಇಳಿಸಿಕೊಳ್ಳುವ ಕೆಲಸ ಮುಂದೂಡುವಂಥದ್ದಲ್ಲ. ಎಪ್ಪತ್ತರ ದಶಕದಿಂದೀಚಿನ ಕೆಲವು ಟೇಪುಗಳಲ್ಲಿ, ಆಂಪೆಕ್ಸ್ 406 ಮತ್ತು 456 ಇದಕ್ಕೆ ಹೆಸರಾಂತ ಉದಾಹರಣೆಗಳು, ಕಾಂತೀಯ ಲೇಪವನ್ನು ಹಿಡಿದಿಡುವ ಅಂಟು ತೇವ ಹೀರಿಕೊಂಡು ಜಿಗುಟಾಗಿ ಹೆಡ್ಡಿಗೆ ಕಂದು ಕೆಸರು ಬಳಿಯುತ್ತದೆ. ಅಂಥವನ್ನು ಬಲ್ಲವರ ಕೈಯಲ್ಲಿ ಸುಮಾರು 50 ಡಿಗ್ರಿ ಶಾಖದಲ್ಲಿ ಗಂಟೆಗಳ ಕಾಲ ಒಣಗಿಸಿದ ಬಳಿಕವೇ ನುಡಿಸಬೇಕು. ಅಸಿಟೇಟನ್ನು ಮಾತ್ರ ಹೀಗೆ ಕಾಯಿಸಲೇಬಾರದು. ಕರಾವಳಿ, ಮಲೆನಾಡಿನ ಮನೆಗಳ ಸ್ಪೂಲುಗಳಿಗೆ ಬೂಸ್ಟು ಹಿಡಿದಿರುತ್ತದೆ. ಅದನ್ನು ಯಂತ್ರಕ್ಕೆ ಹತ್ತಿಸುವ ಮುನ್ನವೇ ಮೂಗು, ಬಾಯಿ ಮುಚ್ಚಿಕೊಂಡು, ಬಯಲಿನಲ್ಲಿ ಒರೆಸಿ ತೆಗೆಯಬೇಕು.

ಹೊಸ ಮುದ್ರಣ ಮಾಡಬಯಸುವವರಿಗೆ ಫ್ರಾನ್ಸಿನ ರೆಕಾರ್ಡಿಂಗ್ ದಿ ಮಾಸ್ಟರ್ಸ್ ಕಂಪನಿಯ ಎಲ್‌ಪಿಆರ್35 ಟೇಪು ಮನೆಯ ಯಂತ್ರಗಳಿಗೆ ಹೊಂದುತ್ತದೆ. 7½ ಇಂಚಿನ ವೇಗದಲ್ಲಿ ಎ77 ಕೊಡುವ ಧ್ವನಿ ತುಂಬುಕಂಠದ್ದು, ಆದರೆ ಇಂದು ಆ ಖರ್ಚು ಹವ್ಯಾಸಕ್ಕಷ್ಟೇ ಸಲ್ಲುತ್ತದೆ. ನನ್ನ ದೃಷ್ಟಿಯಲ್ಲಿ ಈ ಯಂತ್ರದ ಮೊದಲ ಕರ್ತವ್ಯ ಈಗಾಗಲೇ ಇರುವುದನ್ನು ಓದುವುದು.

ಇಳಿಸಿಕೊಂಡ ಮೇಲೆ ಸ್ಪೂಲನ್ನು ವೇಗವಾಗಿ ಹಿಂದಕ್ಕೆ ಸುತ್ತದೆ ಹಾಗೆಯೇ ಎತ್ತಿಡುವುದು ಒಳ್ಳೆಯದು, ಏಕೆಂದರೆ ಪ್ಲೇ ವೇಗದಲ್ಲಿ ಸುತ್ತಿದ ಟೇಪು ಸಮನಾಗಿ ಕೂತಿರುತ್ತದೆ. ಡಬ್ಬಿಯ ಮೇಲೆ ಟೇಪಿನ ಕೊನೆಯ ತುದಿ ಹೊರಗಿದೆ ಎಂದೂ, ಯಾವ ವೇಗ, ಎಷ್ಟು ಟ್ರ್ಯಾಕು ಎಂದೂ ಪೆನ್ಸಿಲಿನಲ್ಲಿ ಬರೆದು, ಸ್ಪೂಲನ್ನು ಮಲಗಿಸದೆ ನಿಲ್ಲಿಸಿಡಬೇಕು.