ಡೆಕ್ಕಿನ ತೂತಿನಲ್ಲಿ ಕೂವೆಮರ: ಬೆಣೆಯೋ, ಎರಕವೋ, ರಬ್ಬರೋ?

ಅಮೆರಿಕದ ಚೆಸಪೀಕ್ ಕೊಲ್ಲಿಯ ಅನಾಪೊಲಿಸ್‌ನಲ್ಲಿ ಗೆಳೆಯರೊಬ್ಬರೊಡನೆ ಪಾಲಿನಲ್ಲಿ ಇಟ್ಟುಕೊಂಡಿರುವ ನಮ್ಮ 34 ಅಡಿಯ ಹಾಯಿದೋಣಿಯ ಕೂವೆಮರವು (ಹಾಯಿ ಕಟ್ಟುವ ಕಂಬ; ಅಲ್ಯೂಮಿನಿಯಂನದಾದರೂ ನನ್ನ ಬಾಯಿಗೆ ಬರುವುದು ಮರವೆಂಬ ಮಾತೇ) ಡೆಕ್ಕಿನ, ಎಂದರೆ ದೋಣಿಯ ಮೇಲ್ಹಾಸಿನ, ಮೇಲೆ ಕೂರದೆ, ಅದರ ತೂತನ್ನು ಹಾದು ಕೆಳಗಿಳಿದು, ದೋಣಿಯ ತಳದ ಪೀಠದಲ್ಲಿ ನಿಲ್ಲುತ್ತದೆ. ತೂತಿನ ಸುತ್ತ ಉಳಿಯುವ ಸುಮಾರು 15 ಮಿಲಿಮೀಟರ್ ಸಂದನ್ನು ಬಿಗಿಯಾಗಿ ತುಂಬದಿದ್ದರೆ ಮರವು ಅಲೆಗಳ ಹೊಡೆತಕ್ಕೆ ಹಿಂದೆಮುಂದೆ ತೊನೆಯುತ್ತದೆ. ಈ ಸಂದಿಗೆ ಮೂರು ಬಗೆಯ ತುಂಬುವಿಕೆಯನ್ನು ಒಂದೊಂದು ಬೇಸಿಗೆ ಬಳಸಿ ನೋಡಿದ್ದೇನೆ.

ದೋಣಿಯೊಂದಿಗೇ ಬಂದದ್ದು ತೇಗದ ಬೆಣೆಗಳು. ಸುತ್ತಿಗೆಯ ನಾಲ್ಕು ಪೆಟ್ಟಿನಲ್ಲಿ ಮರವನ್ನು ಮಿಲಿಮೀಟರ್ ಲೆಕ್ಕದಲ್ಲಿ ಸರಿಸಬಹುದೆಂಬುದೇ ಅವುಗಳ ದೊಡ್ಡ ಗುಣ. ಆದರೆ ದೋಣಿ ಒಂದು ಪಕ್ಕಕ್ಕೆ ವಾಲಿದಾಗ ಎದುರು ಬದಿಯ ಬೆಣೆ ಸಡಿಲಗೊಳ್ಳುತ್ತದೆ. ಒಂದು ರಾತ್ರಿ ಹಾಗೆ ಕಳಚಿದ ಬೆಣೆ ಕ್ಯಾಬಿನ್ನಿನ ಮೇಜಿನ ಮೇಲೆಯೇ ಬಿತ್ತು. ಒತ್ತಡವೆಲ್ಲ ಕಿರಿದಾದ ಜಾಗದಲ್ಲಿ ಬೀಳುವುದರಿಂದ ಅಲ್ಯೂಮಿನಿಯಂ ತಗ್ಗಾಗುವ ಅಪಾಯವೂ ಇದೆ.

ಎರಡನೆಯ ವರ್ಷ ಸ್ಪಾರ್ಟೈಟ್ ಎಂಬ ಹೆಸರಿನಲ್ಲಿ ಸಿಗುವ, ಎರಡು ದ್ರವಗಳನ್ನು ಬೆರೆಸಿ ಸುರಿಯುವ ಪಾಲಿಯುರಿಥೇನ್ ಎರಕವನ್ನು ಆರಿಸಿಕೊಂಡೆವು. ಸಂದಿನ ತಳವನ್ನು ಜೇಡಿಮಣ್ಣಿನಂಥ ಮೆತ್ತೆಯಿಂದ ಮುಚ್ಚಿ, ಡೆಕ್ಕಿನ ತೂತಿನ ಅಂಚಿನ ಬಳೆಗೆ ವ್ಯಾಸಲೀನ್ ಸವರಿ ಸುರಿದರೆ, ಗಟ್ಟಿಯಾದ ಎರಕವು ಮರಕ್ಕೆ ಮಾತ್ರ ಅಂಟಿಕೊಂಡು, ಮುಂದೆ ಮರವನ್ನು ಎತ್ತಿದಾಗ ಬಿರಡೆಯಂತೆ ಅದರ ಜೊತೆಯಲ್ಲೇ ಹೊರಬರುತ್ತದೆ. ಸುತ್ತಲೂ ಸಮನಾಗಿ ಒತ್ತುವ ಇಂಥ ಹಿಡಿತ ಬೇರಾವುದಕ್ಕೂ ಇಲ್ಲವೆಂದು ಒಪ್ಪಲೇಬೇಕು. ಎಡವಿದ್ದು ನಾನು. ಮರದ ತುದಿಗೇರಿಸಿದ ಟೇಪಿನಿಂದ ಡೆಕ್ಕಿನ ಎರಡೂ ಪಕ್ಕದ ಅಂಚಿಗೆ ಅಳತೆ ಸಮವೆಂದು ಕಂಡೊಡನೆ ಸುರಿದುಬಿಟ್ಟೆ. ಟೇಪನ್ನು ಎಳೆದ ಹಗ್ಗದ ರಾಟೆಯೇ ತುದಿಯ ನಟ್ಟನಡುವೆ ಇಲ್ಲವೆಂಬುದನ್ನು ಗಮನಿಸಿರಲಿಲ್ಲ. ಬಳಿಕ ಮರದುದ್ದಕ್ಕೂ ಹಾಯಿ ಏರುವ ಸೀಳಿಗೆ ಕಣ್ಣಿಟ್ಟು ಕೆಳಗಿನಿಂದ ನೋಡಿದಾಗ, ಡೆಕ್ಕಿನ ಮಟ್ಟದಲ್ಲಿ ಮರವು ಎಡಕ್ಕೆ ಸೊಟ್ಟಗಿತ್ತು. ಬೆಣೆಯಾಗಿದ್ದರೆ ಹತ್ತು ನಿಮಿಷದ ಕೆಲಸ. ಎರಕವನ್ನು ಕೊರೆದು ತೆಗೆಯಲು ಎರಡು ವಾರಾಂತ್ಯ ಹಿಡಿಯಿತು.

ಈಗ ಇರುವುದು ಶೋರ್ ಎ (ರಬ್ಬರಿನ ಗಡಸುತನ ಅಳೆಯುವ ಮಾನ) 60 ಗಡಸುತನದ ನಿಯೋಪ್ರೀನ್ ರಬ್ಬರ್. ಸಂದಿಗಿಂತ ಐದರಲ್ಲೊಂದು ಪಾಲು ಹೆಚ್ಚು ದಪ್ಪವಿದ್ದರೆ ಅದು ಒತ್ತಿಕೊಂಡು ಕೂರುತ್ತದೆಯಾದ್ದರಿಂದ 18 ಮಿಲಿಮೀಟರ್ ಹಾಳೆಯನ್ನು ಕತ್ತರಿಸಿದೆವು. ಹಿಂಬದಿಯ ತುಂಡನ್ನು ಮೊದಲು ಇಳಿಸಿ, ರಾಟೆಹಗ್ಗದಿಂದ ಮರವನ್ನು ಹಿಂದಕ್ಕೆ ಜಗ್ಗಿ, ಮುಂಬದಿಯ ತುಂಡನ್ನು ಸೋಪಿನ ನೀರು ಹಚ್ಚಿ ನುಗ್ಗಿಸಬೇಕು; ಬೆರಳುಗಳ ಬಗ್ಗೆ ಎಚ್ಚರವಿರಲಿ. ಹಿಡಿತವು ಎರಕದಷ್ಟು ಪರಿಪೂರ್ಣವಲ್ಲ. ಆದರೂ ಮುಂದಿನ ತುಂಡನ್ನು ತೆಳ್ಳಗಾಗಿಸಿ ಹಿಂದಿನದನ್ನು ದಪ್ಪವಾಗಿಸಿದರೆ ಮರವು ಡೆಕ್ಕಿನ ಬಳಿ ಮುಂದಕ್ಕೆ ಸರಿದು ಅದರ ಬಾಗು ಹೆಚ್ಚುತ್ತದೆ, ತಿರುವುಮುರುವು ಮಾಡಿದರೆ ಕಡಿಮೆಯಾಗುತ್ತದೆ. ಮರಕ್ಕೆ ತಕ್ಕ ವಾಲು (ಹಿಂದಕ್ಕೆ ಒರಗುವ ಪ್ರಮಾಣ) ಮತ್ತು ಬಾಗುಗಳನ್ನು ಇನ್ನೂ ಹುಡುಕುತ್ತಿರುವ ನಮ್ಮಂಥವರಿಗೆ ಈ ಸೌಲಭ್ಯವೇ ನಿರ್ಣಾಯಕ. ವಾಲು ಗೊತ್ತಾಗಿ, ಅದನ್ನು ಇನ್ನು ಬದಲಿಸುವುದಿಲ್ಲವೆಂದು ನಿರ್ಧರಿಸಿದವರು ಎರಕವನ್ನೇ ಆರಿಸಿಕೊಳ್ಳಲಿ.

ಸೋರುವಿಕೆಗೂ ಈ ಆಯ್ಕೆಗೂ ಸಂಬಂಧ ಕಡಿಮೆ. ಅದನ್ನು ತಡೆಯುವುದು ತೂತಿನ ಮೇಲೆ ಮರಕ್ಕೆ ಸುತ್ತುವ ರಬ್ಬರ್ ತೋಳು. ಹಾಯಿ ಏರಿಸುವ ಹಗ್ಗಗಳು ಹಾಯುವ ಕಿಂಡಿಗಳಿಂದ ಮರದ ಒಳಗೇ ಇಳಿಯುವ ಮಳೆನೀರನ್ನು ಅದೂ ತಡೆಯದು. ಆ ಹಗ್ಗಗಳನ್ನು ಡೆಕ್ಕಿನ ರಾಟೆಗಳ ಮೂಲಕ ಹಿಂದಕ್ಕೆ ಒಯ್ದಿದ್ದರೆ, ಅವುಗಳ ಎಳೆತಕ್ಕೆ ಡೆಕ್ಕು ಮೇಲೇಳದಂತೆ ಅದನ್ನು ಮರದ ಬುಡಕ್ಕೆ ಬಿಗಿಯುವ ಉಕ್ಕಿನ ಸಲಾಕೆ ಮೂರೂ ಬಗೆಗಳಲ್ಲಿ ಬೇಕೇ ಬೇಕು.

ಹಳೆಯ ತೇಗದ ಬೆಣೆಗಳಲ್ಲಿ ನಾಲ್ಕನ್ನು ಬಿಸಾಡದೆ ಇಟ್ಟುಕೊಂಡಿದ್ದೇನೆ. ಪ್ರತಿ ವಸಂತದಲ್ಲಿ ಕ್ರೇನು ಮರವನ್ನು ತೂತಿಗೆ ಇಳಿಸಿದ ಮೇಲೆ, ರಬ್ಬರ್ ತೂರಿಸುವವರೆಗೆ ಅದನ್ನು ನಡುವಿಗೆ ತಂದು ನಿಲ್ಲಿಸುವುದಕ್ಕೆ ಅವುಗಳಷ್ಟು ಒದಗುವ ವಸ್ತು ಇನ್ನೂ ನನಗೆ ಸಿಕ್ಕಿಲ್ಲ.