ಚೈನೋ, ಬೇರಿಂಗೋ? ಒಂದು ಸದ್ದನ್ನು ಐದು ಬಗೆಯಲ್ಲಿ ಹುಡುಕಿದೆವು

ಬೈಕ್ ಎಂಜಿನ್ ಹಾಕಿ ನಾವೇ ಮಾಡಿದ ಕಾರಿನಲ್ಲಿ ಸದ್ದು ಶುರುವಾಗುತ್ತಿದ್ದುದು ಗಂಟೆಗೆ 35 ಕಿಲೋಮೀಟರ್ ವೇಗದಲ್ಲಿ. 40ಕ್ಕೆ ಬಂದರೆ ಬೆನ್ನ ಹಿಂದೆಯೇ ಗ್ರೈಂಡರಿನಲ್ಲಿ ಅಕ್ಕಿ ರುಬ್ಬಿದ ಹಾಗೆ ಗೊರಗೊರ. ಅದರ ಮೇಲೆ 'ಊಂ' ಅಂತ ಒಂದು ಎಳೆ. 45 ದಾಟಿದರೆ ಗಾಳಿ ಮತ್ತು ಸೈಲೆನ್ಸರ್ ಸದ್ದಿನಲ್ಲಿ ಎರಡೂ ಮುಚ್ಚಿಹೋಗುತ್ತಿದ್ದವು. ಇದನ್ನು ಹುಡುಕಲು ನಾನು ಮತ್ತು ನನ್ನ ತಂಗಿ ಸುಮಾರು ಎರಡು ತಿಂಗಳ ಭಾನುವಾರಗಳನ್ನು ಕೊಟ್ಟೆವು. ಐದು ದಾರಿ ಹಿಡಿದೆವು. ಯಾವುದು ಏನು ಹೇಳಿತು, ಯಾವುದು ದಾರಿ ತಪ್ಪಿಸಿತು ಅಂತ ಬರೆಯುತ್ತಿದ್ದೇನೆ.

ಮೊದಲು ಕಾರಿನ ವಿಷಯ. ಬೆಂಗಳೂರಿನ ಪೀಣ್ಯ 2ನೇ ಹಂತದಲ್ಲಿ ನಮ್ಮದೊಂದು ಸಣ್ಣ ಲೇತ್ ಶೆಡ್ ಇದೆ. ಅಲ್ಲೇ ಪೈಪ್ ಬೆಸೆದು ಮಾಡಿದ ಎರಡು ಸೀಟಿನ ಕಾರು ಇದು. ಸೀಟಿನ ಹಿಂದೆ ಕೆಟಿಎಂ 390 ಡ್ಯೂಕ್‌ನ 373 ಸಿಸಿ ಎಂಜಿನ್. ಅದರ 15 ಹಲ್ಲಿನ ಸ್ಪ್ರಾಕೆಟ್‌ನಿಂದ (ಚೈನ್ ಕೂರುವ ಹಲ್ಲಿನ ಚಕ್ರ) ಚೈನ್ ಹಿಂದಿನ 45 ಹಲ್ಲಿನ ಸ್ಪ್ರಾಕೆಟ್‌ಗೆ ಹೋಗುತ್ತದೆ. ಆ ಸ್ಪ್ರಾಕೆಟ್ ಕೂತಿರುವ ಅಡ್ಡ ಶಾಫ್ಟ್‌ಗೆ ಎರಡು ಬದಿಗೂ ಒಂದೊಂದು 206 ನಂಬರಿನ ಬೇರಿಂಗ್, ಅಂದರೆ ಶಾಫ್ಟ್ ಸಲೀಸಾಗಿ ತಿರುಗಲು ಒಳ ಬಳೆ, ಹೊರ ಬಳೆಗಳ ನಡುವೆ ಗುಂಡುಗಳಿರುವ ಭಾಗ. ಸ್ಪ್ರಾಕೆಟ್ ಇರುವುದು ಎಡಗಡೆ ಬೇರಿಂಗಿನ ಪಕ್ಕದಲ್ಲೇ. ಅಲ್ಲಿಂದ ಮಾರುತಿ 800ರ ಡ್ರೈವ್ ಶಾಫ್ಟ್, ಹಬ್ ಮತ್ತು 12 ಇಂಚಿನ ಚಕ್ರ. ತಿರುವಿನಲ್ಲಿ ಎರಡು ಚಕ್ರ ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಇಲ್ಲ. ರಿವರ್ಸ್ ಗೇರೂ ಇಲ್ಲ, ತಳ್ಳಬೇಕು. ನೋಂದಣಿ ಇಲ್ಲದ ಗಾಡಿಯನ್ನು ರಸ್ತೆಗೆ ಇಳಿಸುವಂತಿಲ್ಲ, 1988ರ ಮೋಟಾರು ವಾಹನ ಕಾಯ್ದೆಯ 39ನೇ ಸೆಕ್ಷನ್ ಅದನ್ನೇ ಹೇಳುತ್ತದೆ. ಅದಕ್ಕೇ ನೆಲಮಂಗಲದ ಕಡೆ ಗೆಳೆಯನ ಗೋಡೌನ್ ಹಿಂದಿನ ಕಾಂಕ್ರೀಟ್ ಅಂಗಳಕ್ಕೆ ಟೆಂಪೋದಲ್ಲಿ ಹೇರಿಕೊಂಡು ಹೋಗುತ್ತೇವೆ. ಉದ್ದಕ್ಕೆ 300 ಮೀಟರ್ ಜಾಗ ಸಿಗುತ್ತದೆ.

ಬೈಕ್ ಎಂಜಿನ್ ಕಾರಿಗೆ ಹಾಕಿದವರು ಮೊದಲು ತಿಳಿಯಬೇಕಾದದ್ದು, ಎಲ್ಲ ಸದ್ದೂ ರೋಗವಲ್ಲ. ಕಾರಿನ ಗೇರುಗಳ ಹಲ್ಲು ಸಾಮಾನ್ಯವಾಗಿ ಓರೆ ಇರುತ್ತದೆ, ಅದಕ್ಕೇ ಮೆತ್ತಗೆ ಓಡುತ್ತವೆ. ಬೈಕ್ ಗೇರುಬಾಕ್ಸಿನ ಹಲ್ಲು ನೇರ. ನೇರ ಹಲ್ಲು ಕೂಗುವುದು ಸಹಜ. ಬೈಕಿನಲ್ಲಿ ಹೆಲ್ಮೆಟ್ ಹಾಕಿ ಗಾಳಿಯಲ್ಲಿ ಹೋಗುವವನಿಗೆ ಅದು ಕೇಳುವುದಿಲ್ಲ. ಅದೇ ಎಂಜಿನ್ನನ್ನು ಪೈಪಿನ ಚಾಸಿಸ್‌ಗೆ ಬಿಗಿದು, ಸುತ್ತ ತೆಳು ಅಲ್ಯೂಮಿನಿಯಂ ಹಾಳೆ ಹೊಡೆದರೆ ಇಡೀ ಕಾರು ತಮಟೆಯಾಗುತ್ತದೆ.

ಹಾಗಾಗಿ ಮೊದಲು ಕಾಸು ಖರ್ಚಿಲ್ಲದ ಒಂದು ಪರೀಕ್ಷೆ ಮಾಡಿದೆವು. ವೇಗ 40ರಲ್ಲೇ ಇಟ್ಟು ಗೇರ್ ಮಾತ್ರ ಬದಲಿಸುವುದು. ನಾಲ್ಕನೇ ಗೇರಿನಲ್ಲಿ ಎಂಜಿನ್ ಸುಮಾರು 4000 ಆರ್‌ಪಿಎಂ, ಮೂರನೆಯದರಲ್ಲಿ 4900ರ ಹತ್ತಿರ. ಎಂಜಿನ್ ಸದ್ದು ಏರಿತು. ನಮ್ಮ 'ಊಂ' ಮತ್ತು ಗೊರಗೊರ ಎರಡೂ ಹಾಗೇ ಉಳಿದವು. ಅಂದರೆ ತೊಂದರೆ ಗೇರುಬಾಕ್ಸಿನಿಂದ ಆಚೆ, ಚಕ್ರದ ಕಡೆ ಇದೆ. ಆಮೇಲೆ ಅದೇ ವೇಗದಲ್ಲಿ ಕ್ಲಚ್ ಹಿಡಿದೆವು. ಸದ್ದು ಪೂರ್ತಿ ಹೋಗಲಿಲ್ಲ, ಆದರೆ ಅರ್ಧಕ್ಕೆ ಇಳಿಯಿತು. ಲೋಡ್ ಬಿದ್ದಾಗ ಜಾಸ್ತಿಯಾಗುವ ಸದ್ದು ಅಂತ ಅರ್ಥ. ಈ ಎರಡನೇ ವಿಷಯವನ್ನು ನಾನು ಆಗ ಹಗುರವಾಗಿ ತೆಗೆದುಕೊಂಡೆ. ಮುಂದಿನ ಒಂದು ತಿಂಗಳು ಹೋದದ್ದು ಅದಕ್ಕೇ.

ಮೊದಲ ದಾರಿ ಸ್ಕ್ರೂಡ್ರೈವರ್. ನಮ್ಮ ಬೀದಿಯ ಬೈಕ್ ಮೆಕ್ಯಾನಿಕ್ ಒಬ್ಬರು ಬಂದು, ಹಿಂದಿನ ಚಕ್ರ ಎತ್ತಿಸಿ, ಉದ್ದನೆ ಸ್ಕ್ರೂಡ್ರೈವರಿನ ತುದಿಯನ್ನು ಬೇರಿಂಗ್ ಕೂತ ಹೌಸಿಂಗ್ ಮೇಲೆ ಇಟ್ಟು ಹಿಡಿಯನ್ನು ಕಿವಿಯ ಮುಂದಿನ ಎಲುಬಿಗೆ ಒತ್ತಿಕೊಂಡರು. 'ಚೈನ್ ಕೂಗ್ತಿದೆ ಅಣ್ಣ, ಬೇರಿಂಗ್ ಎಲ್ಲ ಚೆನ್ನಾಗಿದೆ' ಎಂದರು. ಅರ್ಧ ಸರಿ, ಅರ್ಧ ತಪ್ಪು ಅಂತ ಗೊತ್ತಾಗಿದ್ದು ಬಹಳ ಆಮೇಲೆ. ಅವರ ಕಿವಿಯ ತಪ್ಪಲ್ಲ. ಅವರು ಕೇಳಿದ್ದು ಎತ್ತಿ ನಿಲ್ಲಿಸಿದ, ಲೋಡ್ ಇಲ್ಲದ ಕಾರಿನ ಸದ್ದನ್ನು.

ಎರಡನೆಯದು ಪಾರ್ಟ್ ಬದಲಿಸಿ ನೋಡುವುದು. ಚೈನ್ ಬಿಚ್ಚಿ, ಹಗ್ಗ ಕಟ್ಟಿ, ಗೆಳೆಯನ ಜೀಪಿನಿಂದ ಕಾರನ್ನು ಎಳೆಸಿದೆವು. ಸದ್ದೇ ಇಲ್ಲ. ಹಾಗಾದರೆ ಚೈನೇ ಅಂತ ತೀರ್ಮಾನಿಸಿ ಹೊಸ ಚೈನ್, ಎರಡು ಸ್ಪ್ರಾಕೆಟ್ ಹಾಕಿದೆವು. ಐದು ಸಾವಿರದ ಮೇಲೆ ಖರ್ಚಾಯಿತು. 'ಊಂ' ಸ್ವಲ್ಪ ಇಳಿಯಿತು, ಗೊರಗೊರ ಹಾಗೇ ಇತ್ತು. ಹಳೆ ಚೈನನ್ನು ಅಳೆದದ್ದು ಹೊಸದು ಹಾಕಿದ ಮೇಲೆ. ನಮ್ಮದು 520 ಅನ್ನುವ ಅಳತೆಯ ಚೈನ್, ಅದರ ಒಂದು ಕೊಂಡಿ 15.875 ಮಿಲಿಮೀಟರ್, 20 ಕೊಂಡಿಗೆ 317.5 ಆಗಬೇಕು. ನಮ್ಮದು 319 ಇತ್ತು. ಶೇಕಡಾ 0.5ರಷ್ಟೂ ಉದ್ದವಾಗಿರಲಿಲ್ಲ. ಬಿಸಾಡುವ ಚೈನ್ ಅಲ್ಲವೇ ಅಲ್ಲ.

ಈ ದಾರಿ ನನಗೆ ಇಷ್ಟವಾಗದಿರಲು ದುಡ್ಡೊಂದೇ ಕಾರಣವಲ್ಲ. ಚೈನ್ ಬದಲಿಸುವಾಗ ಸ್ಪ್ರಾಕೆಟ್ ಬದಲಾಯಿತು, ಸಡಿಲ ಹೊಸದಾಗಿ ಸೆಟ್ ಆಯಿತು, ಗ್ರೀಸ್ ಹೊಸದಾಯಿತು. ನಾಲ್ಕು ಸಂಗತಿ ಒಟ್ಟಿಗೆ ಬದಲಾದರೆ ಸದ್ದು ಇಳಿದದ್ದು ಯಾವುದರಿಂದ ಅಂತ ಹೇಗೆ ಹೇಳುವುದು? ಚೈನ್ ಬಿಚ್ಚಿ ಎಳೆದ ಪರೀಕ್ಷೆಯಲ್ಲೂ ಇದೇ ಮೋಸ ಇತ್ತು. ಚೈನ್ ತೆಗೆದಾಗ ಚೈನಿನ ಸದ್ದಿನ ಜೊತೆ ಬೇರಿಂಗಿನ ಮೇಲಿನ ಎಳೆತವೂ ಹೋಗಿತ್ತು.

ಮೂರನೆಯದು ಫೋನ್. ಸ್ಪೆಕ್ಟ್ರಾಯ್ಡ್ ಅನ್ನುವ ಆ್ಯಪ್ ಮೈಕಿಗೆ ಬಿದ್ದ ಸದ್ದನ್ನು ಬಿಡಿಸಿ, ಯಾವ ಹರ್ಟ್ಸ್‌ನಲ್ಲಿ (ಸೆಕೆಂಡಿಗೆ ಎಷ್ಟು ನಡುಕ ಅನ್ನುವ ಲೆಕ್ಕ) ಎಷ್ಟು ಜೋರಿದೆ ಅಂತ ಗೆರೆಯಾಗಿ ತೋರಿಸುತ್ತದೆ. ತಂಗಿ ಪಕ್ಕದ ಸೀಟಿನಲ್ಲಿ ಫೋನ್ ಹಿಡಿದು ಕೂತಳು. ಇನ್ನೊಂದು ಫೋನಿನಲ್ಲಿ ಜಿಪಿಎಸ್ ವೇಗ. 40ರಲ್ಲಿ 320 ಹರ್ಟ್ಸ್ ಹತ್ತಿರ ಒಂದು ಚೂಪು ಶಿಖರ ಎದ್ದಿತು. 30ಕ್ಕೆ ಇಳಿಸಿದರೆ ಅದು 240ರ ಹತ್ತಿರಕ್ಕೆ ಬಂತು. ಗೇರ್ ಬದಲಿಸಿದರೂ ಅಲುಗಲಿಲ್ಲ.

ಇಲ್ಲಿ ಲೆಕ್ಕ ಮಾಡಲೇಬೇಕು, ಇಲ್ಲದಿದ್ದರೆ ಆ್ಯಪ್ ಸುಮ್ನೆ ಬಣ್ಣದ ಚಿತ್ರ ಅಷ್ಟೆ. ನಮ್ಮ ಟೈರ್ ಒಂದು ಸುತ್ತಿಗೆ ಸುಮಾರು 1.55 ಮೀಟರ್ ಉರುಳುತ್ತದೆ. ಗಂಟೆಗೆ 40 ಕಿಲೋಮೀಟರ್ ಅಂದರೆ ಸೆಕೆಂಡಿಗೆ 11.1 ಮೀಟರ್. ಚಕ್ರವೂ ಅದರ ಜೊತೆ ಅಡ್ಡ ಶಾಫ್ಟೂ ಸೆಕೆಂಡಿಗೆ 7.17 ಸುತ್ತು ತಿರುಗುತ್ತವೆ. ಹಿಂದಿನ ಸ್ಪ್ರಾಕೆಟ್ಟಿನಲ್ಲಿ 45 ಹಲ್ಲು. ಗುಣಿಸಿದರೆ 322. ಚೈನಿನ ಕೊಂಡಿಗಳು ಹಲ್ಲಿಗೆ ಕೂರುವ ಲೆಕ್ಕ ಅದೇ. 'ಊಂ' ಚೈನಿನದೇ ಅಂತ ಮೊದಲ ಸಲ ಊಹೆಯಲ್ಲದೆ ಗೊತ್ತಾದ ಕ್ಷಣ ಅದು, ಅಂಗಳದಲ್ಲೇ ಇಬ್ಬರೂ ಕೂಗಿಬಿಟ್ಟೆವು. ಶೆಡ್ಡಿಗೆ ಬಂದು ನೇರವಾದ ಅಲ್ಯೂಮಿನಿಯಂ ಪಟ್ಟಿಯನ್ನು ಹಿಂದಿನ ಸ್ಪ್ರಾಕೆಟ್ಟಿಗೆ ಆನಿಸಿ ಹಿಡಿದರೆ ಮುಂದಿನದು 3 ಮಿಲಿಮೀಟರ್ ಆಚೆ ಇತ್ತು. ಚೈನ್ ಓರೆಯಾಗಿ ಓಡುತ್ತಿತ್ತು. ಲೇತಿನಲ್ಲಿ 3 ಮಿಲಿಮೀಟರ್ ಸ್ಪೇಸರ್ ಮಾಡಿ ಹಾಕಿದೆ. ಆ್ಯಪಿನಲ್ಲಿ ಆ ಶಿಖರ ಸುಮಾರು 10 ಡೆಸಿಬಲ್ ಕುಸಿಯಿತು.

ಆದರೆ ಗೊರಗೊರದ ಬಗ್ಗೆ ಫೋನ್ ಏನೂ ಹೇಳಲಿಲ್ಲ. ಅದು ಒಂದು ಸ್ವರವಲ್ಲ, ತಗ್ಗಿನ ಸ್ವರದ ಸದ್ದುಗಳ ರಾಶಿ. ಮಾತಿಗೆಂದು ಮಾಡಿದ ಫೋನ್ ಮೈಕ್ ಅಂಥ ಸದ್ದನ್ನು ಸರಿಯಾಗಿ ಹಿಡಿಯುವುದಿಲ್ಲ, ಸೈಲೆನ್ಸರ್ ಬೇರೆ. ಫೈಫಾಕ್ಸ್ ಆ್ಯಪಿನಲ್ಲಿ ಫೋನಿನ ಅಲುಗಾಟ ಅಳೆಯುವ ಸೆನ್ಸರನ್ನೂ ನೋಡಿದೆವು, ಫೋನನ್ನು ಚಾಸಿಸ್‌ಗೆ ಕಟ್ಟಿ. ಎಂಜಿನ್ನಿನ 66 ಹರ್ಟ್ಸ್ ನಡುಕ (4000 ಆರ್‌ಪಿಎಂ ಅಂದರೆ ಸೆಕೆಂಡಿಗೆ ಸುಮಾರು ಅಷ್ಟು ಸುತ್ತು) ಮಿಕ್ಕಿದ್ದನ್ನೆಲ್ಲ ನುಂಗಿತ್ತು.

ನಾಲ್ಕನೆಯದು ಮೆಕ್ಯಾನಿಕ್ ಸ್ಟೆತಾಸ್ಕೋಪ್. ಡಾಕ್ಟರದ್ದರ ಹಾಗೆಯೇ, ತುದಿಯಲ್ಲಿ ಕಬ್ಬಿಣದ ಕಡ್ಡಿ. ಜೆ.ಸಿ. ರಸ್ತೆಯಲ್ಲಿ 350 ರೂಪಾಯಿಗೆ ಸಿಕ್ಕಿತು. ಸ್ಕ್ರೂಡ್ರೈವರಿಗಿಂತ ಎಷ್ಟೋ ಚೆನ್ನ. ಎಂಜಿನ್ನಿನ ಕ್ಯಾಮ್ ಚೈನ್, ನೀರಿನ ಪಂಪ್ ಎಲ್ಲ ಬೇರೆ ಬೇರೆ ಕೇಳಿಸುತ್ತವೆ. ಎಂಜಿನ್ ಒಳಗಿನ ಸದ್ದಿಗೆ ನಾನು ಇನ್ನು ಇದನ್ನೇ ಮೊದಲು ತೆಗೆಯುತ್ತೇನೆ. ಆದರೆ ಸ್ಟ್ಯಾಂಡ್ ಮೇಲೆ ನಿಂತ ಕಾರಿನಲ್ಲಿ ಎರಡು ಬೇರಿಂಗೂ ಒಂದೇ ಥರ ಸದ್ದಿಲ್ಲದೆ ಓಡಿದವು. ಬ್ರೇಕನ್ನು ಮೆತ್ತಗೆ ಒತ್ತಿಸಿ ಲೋಡ್ ಕೊಟ್ಟಾಗ ಎಡಗಡೆ ಗೊರಗೊರ ಒಂದು ಚೂರು ಬಂದ ಹಾಗಾಯಿತು. ಅಷ್ಟರಲ್ಲಿ ಕಾರು ಸ್ಟ್ಯಾಂಡಿನ ಮೇಲೆ ತೂಗಾಡತೊಡಗಿತು, ನಿಲ್ಲಿಸಿಬಿಟ್ಟೆವು. ಓಡುವ ಚೈನಿನ ಪಕ್ಕ ತಲೆ ಇಟ್ಟುಕೊಂಡು ಇದನ್ನು ಯಾರೂ ಮಾಡಬೇಡಿ.

ಐದನೆಯದು ತಂಗಿಯ ಯೋಚನೆ. ಅವಳು ಎಲೆಕ್ಟ್ರಾನಿಕ್ಸ್ ಓದುತ್ತಿದ್ದಾಳೆ. 'ಕಾರ್ ಓಡ್ತಿರುವಾಗ ಕಿವಿ ಅಲ್ಲಿಗೆ ಹೋಗಲ್ಲ ಅಲ್ವಾ ಅಣ್ಣಾ, ಮೈಕನ್ನೇ ಅಲ್ಲಿ ಅಂಟಿಸೋಣ' ಎಂದಳು. ಎಸ್.ಪಿ. ರಸ್ತೆಯಲ್ಲಿ 27 ಮಿಲಿಮೀಟರಿನ, ನಡುಕವನ್ನು ವಿದ್ಯುತ್ತಾಗಿ ಬದಲಿಸುವ ಪಿಯೆಜೊ ಬಿಲ್ಲೆ ಒಂದಕ್ಕೆ 15 ರೂಪಾಯಿ. ನಾಲ್ಕು ತಂದೆವು. ವಾಷರ್ ಮೇಲೆ ಅರಾಲ್ಡೈಟಿನಿಂದ ಅಂಟಿಸಿ, ಹಿಂದೆ ಹಳೆ ಸ್ಪೀಕರಿನ ಮ್ಯಾಗ್ನೆಟ್. ಎರಡು ಚಾನೆಲ್ಲಿನ ರೆಕಾರ್ಡರ್ ಅವಳ ಕಾಲೇಜಿನ ಗೆಳತಿಯದು. ಗಾಳಿಯ ಸದ್ದನ್ನು ಈ ಬಿಲ್ಲೆ ಹೆಚ್ಚು ಕಡಿಮೆ ಹಿಡಿಯುವುದೇ ಇಲ್ಲ, ಅಂಟಿದ ಕಬ್ಬಿಣದ ನಡುಕವನ್ನು ಮಾತ್ರ ಹಿಡಿಯುತ್ತದೆ. ನಮಗೆ ಬೇಕಿದ್ದುದೂ ಅದೇ.

ಮೊದಲ ದಿನ ಹಾಳಾಯಿತು. ವೈರ್ ಇಗ್ನಿಷನ್ ಕಾಯಿಲ್ ಪಕ್ಕ ಹೋಗಿದ್ದರಿಂದ ಬರೀ ಚಟಚಟ. ಶೀಲ್ಡ್ ಇರುವ ವೈರ್ ತಂದು, ಆಚೆ ಬದಿಯಿಂದ ಎಳೆದ ಮೇಲೆ ಸರಿಹೋಯಿತು. ಎಡ ಬೇರಿಂಗಿಗೆ ಒಂದು, ಬಲ ಬೇರಿಂಗಿಗೆ ಒಂದು. ಒಂದೇ ಓಟ, ಒಂದೇ ಲೋಡ್, ಎರಡು ಕಿವಿಯಲ್ಲಿ ಎರಡು ಬೇರಿಂಗ್. ಹೆಡ್‌ಫೋನ್ ಹಾಕಿ ಕೇಳಿದ ಮೊದಲ ಐದು ಸೆಕೆಂಡಿನಲ್ಲೇ ತಿಳಿಯಿತು. ಬಲಗಡೆ ಮರಳು ಜಾರಿದ ಹಾಗೆ ನಯವಾದ ಸದ್ದು. ಎಡಗಡೆ ಗಡಗಡಗಡ. ಬಿಲ್ಲೆಯ ದೋಷ ಇರಬಹುದು ಅಂತ ಎರಡನ್ನೂ ಅದಲು ಬದಲು ಮಾಡಿ ಮತ್ತೆ ಓಡಿಸಿದೆವು. ಗಡಗಡ ಎಡ ಬೇರಿಂಗಿನಲ್ಲೇ ಉಳಿಯಿತು. ಈ ಅದಲು ಬದಲನ್ನು ಬಿಡಬೇಡಿ. ಚಾಸಿಸ್ ಪೈಪು ಸದ್ದನ್ನು ಎಲ್ಲಿಂದೆಲ್ಲಿಗೋ ಒಯ್ಯುತ್ತದೆ, ಬಿಲ್ಲೆ ಸರಿಯಾಗಿ ಕೂರದಿದ್ದರೂ ಸದ್ದು ಬದಲಾಗುತ್ತದೆ.

ಆಮೇಲೆ ಆಡಾಸಿಟಿ ಅನ್ನುವ ಕಂಪ್ಯೂಟರ್ ಸಾಫ್ಟ್‌ವೇರಿನಲ್ಲಿ ರೆಕಾರ್ಡಿಂಗನ್ನು ಎಂಟು ಪಟ್ಟು ನಿಧಾನ ಮಾಡಿ ಏಟುಗಳನ್ನು ಎಣಿಸಿದೆವು. ಹತ್ತು ಸೆಕೆಂಡಿಗೆ 32 ಅಥವಾ 33. ಅಂದರೆ ನಿಜವಾದ ವೇಗದಲ್ಲಿ ಸೆಕೆಂಡಿಗೆ ಸುಮಾರು 26. ಬೇರಿಂಗಿನ ಹೊರ ಬಳೆಯಲ್ಲಿ ಒಂದು ಗುಳಿ ಬಿದ್ದಿದ್ದರೆ ಶಾಫ್ಟ್ ಒಂದು ಸುತ್ತಿಗೆ ಗುಂಡುಗಳ ಸಂಖ್ಯೆಯ 0.4 ಪಟ್ಟು ಏಟು ಬೀಳುತ್ತದೆ ಅನ್ನುವುದು ಬೇರಿಂಗ್ ಪರೀಕ್ಷೆ ಮಾಡುವವರ ಅಂದಾಜು ಸೂತ್ರ. ಒಳ ಬಳೆಯಾದರೆ 0.6 ಪಟ್ಟು. ಶೆಡ್ಡಿನಲ್ಲಿದ್ದ ಇನ್ನೊಂದು 206ರಲ್ಲಿ ಎಣಿಸಿದರೆ 9 ಗುಂಡು. ಒಂಬತ್ತರ 0.4 ಪಟ್ಟು 3.6. ಅದನ್ನು 7.17ರಿಂದ ಗುಣಿಸಿದರೆ 25.8. ತಂಗಿ ಪೇಪರ್ ನನ್ನ ಮುಂದೆ ಇಟ್ಟಾಗ ಮೈ ಜುಮ್ಮೆಂದಿತು. ಬಿಚ್ಚುವ ಮೊದಲೇ ಯಾವ ಬೇರಿಂಗ್, ಯಾವ ಬಳೆ ಅಂತ ಗೊತ್ತಾಗಿತ್ತು.

ಬಿಚ್ಚಿದೆವು. ಹೊರ ಬಳೆಯಲ್ಲಿ, ಎಂಜಿನ್ ಕಡೆಗೆ ಇದ್ದ ಬದಿಯಲ್ಲೇ, ಉಗುರಿಗೆ ಸಿಕ್ಕುವಷ್ಟು ಗುಳಿ. ಚೈನ್ ಶಾಫ್ಟನ್ನು ಎಳೆಯುವುದು ಅದೇ ದಿಕ್ಕಿಗೆ. ಮೊದಲ ಗೇರಿನಲ್ಲಿ ಪೂರ್ತಿ ಆ್ಯಕ್ಸಿಲರೇಟರ್ ಕೊಟ್ಟರೆ ಆ ಎಳೆತ ಆರುನೂರು ಕೆಜಿ ತೂಕಕ್ಕೂ ಜಾಸ್ತಿ. ಅದರ ಬಹುಪಾಲು ಸ್ಪ್ರಾಕೆಟ್ ಪಕ್ಕದ ಬೇರಿಂಗಿಗೇ ಬೀಳುತ್ತದೆ. ಇಷ್ಟನ್ನು 206 ತಡೆಯುತ್ತಿತ್ತು. ತಡೆಯದಂತೆ ಮಾಡಿದ್ದು ನಾನು. ಶುರುವಿನಲ್ಲಿ 'ಊಂ' ಕೇಳಿದಾಗ ಚೈನ್ ಸಡಿಲವಾಗಿದೆ ಅಂದುಕೊಂಡು, ಸ್ವಲ್ಪವೂ ಆಡದ ಹಾಗೆ ಬಿಗಿದಿದ್ದೆ. ಕೆಲವು ವಾರ ಹಾಗೇ ಓಡಿಸಿದೆವು. ಓರೆ ಚೈನ್ ಮೊದಲ ಸದ್ದು ಮಾಡಿತು, ಅದನ್ನು ಅಡಗಿಸಲು ಹೋದ ಬಿಗಿತ ಎರಡನೆಯದನ್ನು ಹುಟ್ಟಿಸಿತು.

ನನಗೆ ಈಗ ಯಾರಾದರೂ ಕೇಳಿದರೆ ಹೇಳುವುದು ಇದು. ಗೇರ್ ಬದಲಿಸುವ ಮತ್ತು ಕ್ಲಚ್ ಹಿಡಿಯುವ ಪರೀಕ್ಷೆ ಮೊದಲು, ಅದಕ್ಕೆ ಖರ್ಚಿಲ್ಲ. 'ಊಂ' ಅನ್ನುವ ಒಂದೇ ಸ್ವರ ಇದ್ದರೆ ಫೋನ್ ಸಾಕು, ಆದರೆ ಹಲ್ಲು ಎಣಿಸಿಕೊಂಡು, ಟೈರ್ ಅಳೆದುಕೊಂಡು ಹೋಗಿ. ಗೊರಗೊರ ಇದ್ದು, ಲೋಡ್ ಬಿದ್ದಾಗ ಏರಿದರೆ ಸ್ಟ್ಯಾಂಡ್ ಮೇಲೆ ಹುಡುಕಬೇಡಿ, ನೇರ ಪಿಯೆಜೊಗೆ ಹೋಗಿ. ರೆಕಾರ್ಡರ್ ಬಿಟ್ಟರೆ ನಮಗೆ ಬಿದ್ದದ್ದು ಇನ್ನೂರು ರೂಪಾಯಿಯ ಒಳಗೆ. ಪಾರ್ಟ್ ಬದಲಿಸುವುದು ಕೊನೆಗೆ, ಅದೂ ಒಂದು ಸಲಕ್ಕೆ ಒಂದೇ.

ಹೊಸ ಬೇರಿಂಗ್ ಹಾಕಿ, ಚೈನಿಗೆ ಬೇಕಾದಷ್ಟು ಸಡಿಲ ಬಿಟ್ಟು, ಅದೇ ಅಂಗಳದಲ್ಲಿ ಅದೇ 40ರಲ್ಲಿ ಮತ್ತೆ ರೆಕಾರ್ಡ್ ಮಾಡಿದೆವು. ಎಡ, ಬಲ ಎರಡೂ ಮರಳು ಜಾರಿದ ಹಾಗೆ. ಈಗ ಆ ಎರಡು ಸದ್ದು ಹೋದ ಮೇಲೆ ಮೂರನೆಯದು ಕೇಳಿಸತೊಡಗಿದೆ. 2500 ಆರ್‌ಪಿಎಂ ಕೆಳಗೆ ಚೈನಿನ ಕಟಕಟ. ಒಂದೇ ಸಿಲಿಂಡರಿನ ಎಂಜಿನ್ ಏಟು ಏಟಾಗಿ ಎಳೆಯುತ್ತದೆ. ಬೈಕಿನ ಹಿಂದಿನ ಹಬ್ಬಿನಲ್ಲಿ ಆ ಏಟು ತಡೆಯಲು ರಬ್ಬರ್ ತುಂಡುಗಳಿರುತ್ತವೆ. ನಮ್ಮ ಶಾಫ್ಟಿಗೆ ಸ್ಪ್ರಾಕೆಟ್ ನೇರ ಬೋಲ್ಟ್ ಆಗಿದೆ. ಹಳೆ ಹಬ್ಬಿನ ರಬ್ಬರ್ ಕೂರುವ ಹಾಗೆ ಒಂದು ಬಟ್ಟಲಿನ ಡ್ರಾಯಿಂಗ್ ತಂಗಿ ಹಾಕಿದ್ದಾಳೆ, ಈ ಭಾನುವಾರ ಲೇತಿಗೆ ಏರಿಸುತ್ತೇವೆ.