ರಬ್ಬರ್ ಚೀಲವೋ, ತಗಡಿನ ಟ್ಯಾಂಕೋ, ರೆಕ್ಕೆಯೇ ಟ್ಯಾಂಕೋ?

ಹಳೇ ಸಣ್ಣ ವಿಮಾನ ಕೊಂಡು ಕಲಬುರಗಿಯಲ್ಲಿ ಇಡೋದಾದರೆ ಎಂಥ ಇಂಧನ ಟ್ಯಾಂಕ್ ಇರೋದು ಒಳ್ಳೇದು ಅಂತ ಕೇಳಿದ್ದೀರಿ. ನಾನಾದರೆ ಮೊದಲು ಬಿಸಿಲು ನೋಡುತ್ತೇನೆ.

ಹಳೇ ಸೆಸ್ನಾ 182 ವಿಮಾನದ ರೆಕ್ಕೆಯೊಳಗೆ ಇಂಧನ ತುಂಬೋಕೆ ರಬ್ಬರ್ ಚೀಲ ಇರುತ್ತದೆ. ನಮ್ಮ ಮೇ ತಿಂಗಳ ಬಿಸಿಲಲ್ಲಿ ಖಾಲಿ ಬಿಟ್ಟರೆ ಅದು ಒಣಗಿ ಬಿರುಕು ಬಿಡುತ್ತದೆ, ಇನ್ನು ಒಳಗೆ ಸುಕ್ಕು ಬಿದ್ದರಂತೂ ಆ ಮಡಿಕೆಯಲ್ಲಿ ನಿಂತ ನೀರು, ಹಾರುವ ಮುಂಚೆ ಟ್ಯಾಂಕಿನ ತಳದಿಂದ ಸ್ವಲ್ಪ ಇಂಧನ ಇಳಿಸಿ ನೋಡಿದಾಗ (ಡ್ರೇನ್) ಬರದೆ, ಸರಿಯಾಗಿ ಟೇಕಾಫ್ ಹೊತ್ತಿಗೆ ಎಂಜಿನ್‌ಗೆ ಹೋಗಬಹುದು. ಚೀಲ ಬದಲಿಸೋದು ದುಬಾರಿ, ಆದರೆ ಒಮ್ಮೆ ಬದಲಿಸಿದರೆ ವರ್ಷಗಟ್ಟಲೆ ಚಿಂತೆಯಿಲ್ಲ.

ರೆಕ್ಕೆಯೇ ಟ್ಯಾಂಕ್ ಆಗಿರೋ ‘ವೆಟ್ ವಿಂಗ್‌’ನಲ್ಲಿ ಬೇರೆ ಟ್ಯಾಂಕೇ ಇಲ್ಲ. ರೆಕ್ಕೆಯ ಒಳಗಿನ ಸಂದುಗಳಿಗೆ ಸೀಲೆಂಟ್ ಬಳಿದು ಅಲ್ಲೇ ಇಂಧನ ತುಂಬುತ್ತಾರೆ. ತೂಕ ಕಡಿಮೆ, ಹಿಡಿಯೋದು ಜಾಸ್ತಿ. ದೂರ ಹಾರುವವರಿಗೆ ಇದೇ ಸರಿ. ಕೊಳ್ಳುವಾಗ ರೆಕ್ಕೆಯ ಕೆಳಗೆ ಬಗ್ಗಿ ನೋಡಿ: ರಿವೆಟ್ ಪಕ್ಕ ನೀಲಿ ಕಲೆ ಇದ್ದರೆ ಸೋರಿಕೆ, ಸಣ್ಣ ವಿಮಾನಗಳಿಗೆ ಹಾಕೋ 100ಎಲ್‌ಎಲ್ ಪೆಟ್ರೋಲಿನ ಬಣ್ಣವೇ ನೀಲಿ ಅಲ್ವಾ. ತಲೆನೋವು ಏನಂದ್ರೆ, ಕಲೆ ಒಂದು ಕಡೆ, ತೂತು ಇನ್ನೊಂದು ಕಡೆ.

ಪೈಪರ್ ಚೆರೋಕಿ ವಿಮಾನದ ಅಲ್ಯೂಮಿನಿಯಂ ಟ್ಯಾಂಕ್ ಸ್ಕ್ರೂ ಬಿಚ್ಚಿದರೆ ಪೂರ್ತಿ ಹೊರಗೆ ಬರುತ್ತದೆ, ಬಿಸಿಲಿಗೆ ಒಣಗೋ ಚೀಲವೂ ಇಲ್ಲ. ತಿಂಗಳಿಗೊಮ್ಮೆ ಹಾರಿಸಿ, ಹ್ಯಾಂಗರ್ ಇಲ್ಲದೆ ಬಯಲಲ್ಲೇ ನಿಲ್ಲಿಸುವವರಾದರೆ ಇದನ್ನೇ ನೋಡಿ. ಚೀಲದ್ದೇ ಅಗ್ಗಕ್ಕೆ ಸಿಕ್ಕರೆ ಬಿಡಬೇಡಿ, ಸುಮ್ನೆ ಟ್ಯಾಂಕ್ ತುಂಬಿಸಿಡಿ.